ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಕುಡುಗೋಲಿನಂತೆ ಬಾಗಿದ ರಕ್ತಕಣ

ಹೋದ ಸಂಚಿಕೆಯಲ್ಲಿ ಒಬ್ಬ ಓದುಗರು ಸಿಕಲ್ ಸೆಲ್ ಕಾಯಿಲೆ ಅಂದರೇನು ಅಂತ ಕೇಳಿದ್ದರು. ನಾನು ನಾಲ್ಕೇ ಸಾಲು ಬರೆದು ಕೈ ತೊಳೆದುಕೊಂಡಿದ್ದೆ. ದುಂಡಗೆ, ಮೆತ್ತಗೆ ಇರಬೇಕಾದ ಕೆಂಪು ರಕ್ತಕಣ ಈ ಕಾಯಿಲೆಯಲ್ಲಿ ಕುಡುಗೋಲಿನ ಹಾಗೆ ಬಾಗಿ ಬಿರುಸಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಅದರಿಂದ ತಡೆಯಲಾರದ ನೋವು, ರಕ್ತಹೀನತೆ. ಅಪ್ಪ ಅಮ್ಮನಿಂದ ಬರುವಂಥದ್ದು, ಅಂಟುರೋಗ ಅಲ್ಲ. ಅಷ್ಟೇ ಬರೆದದ್ದು. ಆಮೇಲೆ ಬಂದ ಕಾಗದಗಳಲ್ಲಿ ಬಹುಪಾಲು ಒಂದೇ ಮಾತು: ಇದೆಲ್ಲ ಯಾರಿಗೆ, ಹೇಗೆ ಗೊತ್ತಾಯಿತು ಅದನ್ನು ಹೇಳಿ. ಸರಿ, ಈ ಸಲದ ಪುಟಗಳೆಲ್ಲ ಅದಕ್ಕೇ ಮೀಸಲು.

ಪ್ರಶ್ನೆ: ನಾನು ನರ್ಸಿಂಗ್ ಓದುತ್ತಿದ್ದೇನೆ. ಈ ಕಾಯಿಲೆಯನ್ನು 1910ರಲ್ಲಿ ಹೆರಿಕ್ ಕಂಡುಹಿಡಿದರು ಅಂತ ಪುಸ್ತಕದಲ್ಲಿದೆ. ನಮ್ಮ ಮೇಷ್ಟ್ರು ಮಾತ್ರ "ಅದು ಪೂರ್ತಿ ಸರಿ ಅಲ್ಲ" ಅಂದು ಸುಮ್ಮನಾದರು. ಯಾವುದು ಸರಿ?

ಮೇಷ್ಟ್ರು ಹೇಳಿದ್ದು ಸರಿ. ಅವರು ಸುಮ್ಮನಾಗಬಾರದಿತ್ತು ಅಷ್ಟೇ.

ನಡೆದದ್ದು ಇದು. ಕೆರಿಬಿಯನ್ ದ್ವೀಪ ಗ್ರೆನೇಡಾದಿಂದ ವಾಲ್ಟರ್ ಕ್ಲೆಮೆಂಟ್ ನೋಯೆಲ್ ಅನ್ನುವ 20 ವರ್ಷದ ಹುಡುಗ 1904ರಲ್ಲಿ ದಂತವೈದ್ಯ ಓದೋಕೆ ಅಮೆರಿಕದ ಶಿಕಾಗೋಗೆ ಬಂದ. ಮನೆ ಕಡೆ ಅನುಕೂಲವಾಗಿಯೇ ಇದ್ದ ಹುಡುಗ. ಬಂದ ಕೆಲವೇ ತಿಂಗಳಿಗೆ ಕೆಮ್ಮು, ಜ್ವರ, ತಲೆಸುತ್ತು, ಎದೆ ಡವಡವ. ಕಾಲಿನಲ್ಲಿ ಹಳೆಯ ಹುಣ್ಣಿನ ಕಲೆಗಳು. ಡಿಸೆಂಬರ್ ಕೊನೆಗೆ ಅಲ್ಲಿನ ಪ್ರೆಸ್ಬಿಟೇರಿಯನ್ ಆಸ್ಪತ್ರೆಗೆ ಸೇರಿಸಿಕೊಂಡರು. ಆ ಹೊತ್ತಿನಲ್ಲಿ ಅವನನ್ನು ನೋಡಿದವರು ಅರ್ನೆಸ್ಟ್ ಐರನ್ಸ್, ಇನ್ನೂ ತರಬೇತಿಯಲ್ಲಿದ್ದ 27 ವರ್ಷದ ಡಾಕ್ಟರು. ರಕ್ತ ತೆಗೆದು, ಗಾಜಿನ ಮೇಲೆ ತೆಳುವಾಗಿ ಸವರಿ, ಮೈಕ್ರೋಸ್ಕೋಪಿನಲ್ಲಿ ನೋಡಿದವರು ಅವರೇ. ಉದ್ದುದ್ದ, ಬಾಗಿದ, ಎರಡೂ ತುದಿ ಚೂಪಾದ ಕಣಗಳು. ಅವುಗಳ ಚಿತ್ರವನ್ನೂ ಬಿಡಿಸಿಟ್ಟರು. ಆಮೇಲೆ ತಮ್ಮ ಮೇಲಿನ ವೈದ್ಯರಾದ ಜೇಮ್ಸ್ ಹೆರಿಕ್ ಅವರಿಗೆ ತೋರಿಸಿದರು.

ಹೆರಿಕ್ ಅದನ್ನು ಆರು ವರ್ಷ ಇಟ್ಟುಕೊಂಡು ಕೂತರು. ಇದು ಸೋಮಾರಿತನ ಅಲ್ಲ. ಸ್ಲೈಡ್ ಮಾಡುವಾಗ ಕೈತಪ್ಪಿನಿಂದ ಕಣಗಳ ಆಕಾರ ಕೆಡುವುದು ಮಾಮೂಲು, ಹಾಗಾಗಿ ಮತ್ತೆ ಮತ್ತೆ ಮಾಡಿ ನೋಡಿದರು. ಹುಡುಗನಿಗೆ ಹೊಟ್ಟೆಹುಳ ಇದೆಯಾ, ಸಿಫಿಲಿಸ್ ಇದೆಯಾ ಅಂತೆಲ್ಲ ಯೋಚಿಸಿದರು. ಎರಡೂವರೆ ವರ್ಷ ಅವನ ಮೇಲೆ ಕಣ್ಣಿಟ್ಟಿದ್ದರು. ಕೊನೆಗೆ 1910ರ ನವೆಂಬರಿನಲ್ಲಿ ಲೇಖನ ಬಂತು. ಲೇಖಕರು ಒಬ್ಬರೇ, ಹೆರಿಕ್. ಕಾಯಿಲೆಗೆ ಅವರು ಹೆಸರೂ ಇಡಲಿಲ್ಲ, ಇದು ಇಂಥದ್ದೇ ಅಂತ ತೀರ್ಪೂ ಕೊಡಲಿಲ್ಲ. ಆದರೆ ಒಂದು ಮಾತು ಬರೆದರು. ಬಹುಶಃ ಆ ರಕ್ತಕಣದ ಒಳಗಿನ ಪದಾರ್ಥದಲ್ಲೇ ನಮಗೆ ಗೊತ್ತಿಲ್ಲದ ಏನೋ ಬದಲಾವಣೆ ಆಗಿರಬೇಕು, ಅದೇ ಕಾರಣ ಇರಬಹುದು ಅನ್ನುವ ಅರ್ಥದ ಮಾತು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಆ ಊಹೆ ನೂರಕ್ಕೆ ನೂರು ಸರಿ ಅಂತ ತೋರಿಸೋಕೆ ಇನ್ನೂ 47 ವರ್ಷ ಹಿಡಿಯಿತು.

ಹಾಗಾಗಿ ಪರೀಕ್ಷೆಯಲ್ಲಿ ಹೆರಿಕ್ ಅಂತಲೇ ಬರೆಯಿರಿ, ಮಾರ್ಕ್ಸ್ ಬೇಕಲ್ವಾ. ಆದರೆ ಮೊದಲು ಕಂಡದ್ದು ಐರನ್ಸ್ ಕಣ್ಣಿಗೆ. ಮತ್ತೆ ಕಾಯಿಲೆ ಅನುಭವಿಸಿದ್ದು ನೋಯೆಲ್. ಅವನ ಹೆಸರು ಹೆರಿಕ್ ಲೇಖನದಲ್ಲಿ ಇಲ್ಲ. 1989ರಲ್ಲಿ ಇಬ್ಬರು ಸಂಶೋಧಕರು ಹಳೆಯ ಕಡತ ಕೆದಕಿ ಅವನ ಕಥೆಯನ್ನು ಪ್ರಕಟಿಸುವವರೆಗೆ ಅವನು ವೈದ್ಯಲೋಕಕ್ಕೆ ಬರೀ ಒಬ್ಬ ರೋಗಿ.

ಪ್ರಶ್ನೆ: ಆ ಮೊದಲ ರೋಗಿ ಆಮೇಲೆ ಬದುಕಿದನಾ?

ಬದುಕಿದ, ಓದು ಮುಗಿಸಿದ. ಆಗಾಗ ಹುಷಾರು ತಪ್ಪುತ್ತಿದ್ದರೂ 1907ರಲ್ಲಿ ದಂತವೈದ್ಯನಾಗಿ ಊರಿಗೆ ಮರಳಿ ಗ್ರೆನೇಡಾದ ರಾಜಧಾನಿ ಸೇಂಟ್ ಜಾರ್ಜಸ್‌ನಲ್ಲಿ ಕ್ಲಿನಿಕ್ ಇಟ್ಟ. 1916ರಲ್ಲಿ ನ್ಯುಮೋನಿಯಾ ಬಂದು ತೀರಿಕೊಂಡ. ಆಗ ಅವನಿಗೆ 32 ವರ್ಷ. ಈ ಕಾಯಿಲೆಯವರಿಗೆ ಶ್ವಾಸಕೋಶದ ತೊಂದರೆ ಇವತ್ತಿಗೂ ದೊಡ್ಡ ಅಪಾಯ. ತನ್ನ ರಕ್ತದ ಬಗ್ಗೆ ಒಂದು ಲೇಖನವೇ ಅಚ್ಚಾಗಿದೆ ಅನ್ನುವುದು ಅವನಿಗೆ ಗೊತ್ತಿತ್ತೋ ಇಲ್ಲವೋ.

ಪ್ರಶ್ನೆ: 1910ಕ್ಕೆ ಮೊದಲು ಈ ಕಾಯಿಲೆ ಇರಲೇ ಇಲ್ಲವೇ? ಆಫ್ರಿಕಾದಲ್ಲಿ ಸಾವಿರಾರು ವರ್ಷದಿಂದ ಇತ್ತು ಅಂತಾರಲ್ಲ.

ಇತ್ತು, ಇತ್ತು. ಅಮೆರಿಕದ ಡಾಕ್ಟರುಗಳು ಕಂಡ ದಿನವೇ ಕಾಯಿಲೆ ಹುಟ್ಟಿತು ಅನ್ನುವ ಹಾಗೆ ನಾವು ಬರೆಯುತ್ತೇವೆ, ಅದು ನಮ್ಮ ಕೆಟ್ಟ ಅಭ್ಯಾಸ. ಪಶ್ಚಿಮ ಆಫ್ರಿಕಾದ ಜನರಿಗೆ ಮೂಳೆ ಮುರಿದಂಥ ನೋವು ಮತ್ತೆ ಮತ್ತೆ ಬರುವ, ಒಂದೇ ಮನೆಯ ಮಕ್ಕಳನ್ನು ಹುಡುಕಿ ಹಿಡಿಯುವ ಈ ಕಾಯಿಲೆ ಚೆನ್ನಾಗಿ ಗೊತ್ತಿತ್ತು, ಅಲ್ಲಿನ ಬೇರೆ ಬೇರೆ ಭಾಷೆಗಳಲ್ಲಿ ಅದಕ್ಕೆ ಹೆಸರುಗಳೂ ಇದ್ದವು. ಘಾನಾದ ವೈದ್ಯ ಕೊನೋಟೆ ಅಹುಲು ತಮ್ಮದೇ ಮನೆತನದಲ್ಲಿ ಇದರ ಜಾಡನ್ನು 1670ರವರೆಗೆ ಹಿಂದಕ್ಕೆ ಹಿಡಿದುಕೊಂಡು ಹೋಗಿದ್ದಾರೆ. ನೈಜೀರಿಯಾದ ಇಗ್ಬೋ ಜನರಲ್ಲಿ ಒಗ್ಬಾಂಜೆ ಅನ್ನುವ ನಂಬಿಕೆ ಇದೆ. ಹುಟ್ಟಿ, ಸತ್ತು, ಮತ್ತೆ ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟುವ ಮಗು. ಒಂದರ ಹಿಂದೆ ಒಂದು ಮಕ್ಕಳು ಸಾಯುತ್ತಿದ್ದ ಮನೆಗಳಲ್ಲಿ ಕೆಲವಕ್ಕಾದರೂ ಇದೇ ಕಾಯಿಲೆ ಕಾರಣ ಇರಬಹುದು ಅಂತ ಈಗಿನ ವೈದ್ಯರು ಹೇಳುತ್ತಾರೆ. ಎಲ್ಲವೂ ಇದೇ ಅಂತ ಹೇಳೋಕೆ ಬರುವುದಿಲ್ಲ, ಮಲೇರಿಯಾನೂ ಇತ್ತಲ್ಲ.

ಹೊಸದಾಗಿ ಕಂಡದ್ದು ಕಣದ ಆಕಾರ. ಅದಕ್ಕೆ ಮೈಕ್ರೋಸ್ಕೋಪು ಬೇಕಿತ್ತು.

ಪ್ರಶ್ನೆ: ರಕ್ತಕಣ ಸುಮ್ನೆ ಯಾಕೆ ಬಾಗಬೇಕು? ಅದನ್ನು ಯಾರು ಪತ್ತೆ ಮಾಡಿದರು?

ಈ ಪ್ರಶ್ನೆ ಬಂದದ್ದು ನನಗೆ ಖುಷಿ. ಹೆರಿಕ್ ಕಥೆ ಎಲ್ಲರೂ ಹೇಳುತ್ತಾರೆ, ಆಮೇಲಿನ ಮೂವತ್ತು ವರ್ಷದ ಕಥೆಯನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ನನಗೆ ಇಷ್ಟವಾಗುವ ಭಾಗ ಅದೇ.

1911ರಲ್ಲಿ ವರ್ಜೀನಿಯಾದಿಂದ ಎರಡನೆಯ ರೋಗಿಯ ವರದಿ ಬಂತು. 1915ರಲ್ಲಿ ಸೇಂಟ್ ಲೂಯಿಸ್‌ನಿಂದ ಮೂರನೆಯದು, ಒಬ್ಬ ಹೆಣ್ಣುಮಗಳು. ಆಕೆಯ ರಕ್ತ ವಿಕ್ಟರ್ ಎಮ್ಮೆಲ್ ಅನ್ನುವವರ ಕೈಗೆ ಬಂತು. ಎಮ್ಮೆಲ್ ರಕ್ತದ ಹನಿಯನ್ನು ಎರಡು ಗಾಜಿನ ನಡುವೆ ಇಟ್ಟು, ಸುತ್ತ ಗಾಳಿ ಆಡದ ಹಾಗೆ ಮುಚ್ಚಿ, ಹಾಗೇ ಬಿಟ್ಟರು. ಮೊದಲು ದುಂಡಗಿದ್ದ ಕಣಗಳೂ ಹೊತ್ತು ಹೋದ ಹಾಗೆ ಬಾಗತೊಡಗಿದವು! ಅಂದರೆ ಕಣ ಹುಟ್ಟುವಾಗಲೇ ವಕ್ರವಾಗಿ ಹುಟ್ಟಿರಬೇಕಿಲ್ಲ, ಆಮೇಲೂ ಬಾಗುತ್ತದೆ. ಅಷ್ಟಕ್ಕೇ ನಿಲ್ಲದೆ ಆಕೆಯ ತಂದೆಯ ರಕ್ತವನ್ನೂ ಹಾಗೆ ಮುಚ್ಚಿಟ್ಟು ನೋಡಿದರು. ತಂದೆಗೆ ಯಾವ ಕಾಯಿಲೆಯೂ ಇಲ್ಲ, ಗಟ್ಟಿಮುಟ್ಟು ಆಳು. ಆದರೆ ಅವನ ಕಣಗಳೂ ಬಾಗಿದವು. ಇದು 1917. ಕಾಯಿಲೆ ಇಲ್ಲದವರೂ ಅದನ್ನು ಹೊತ್ತುಕೊಂಡಿರಬಹುದು ಅನ್ನುವ ಸುಳಿವು ಆಗಲೇ ಕೈಗೆ ಸಿಕ್ಕಿತ್ತು. ಯಾರೂ ಅದನ್ನು ಸರಿಯಾಗಿ ಓದಿಕೊಳ್ಳಲಿಲ್ಲ.

ಎಮ್ಮೆಲ್‌ಗೆ ಗಾಳಿ ತಪ್ಪಿಸಿದ್ದೇ ಮುಖ್ಯ ಅನ್ನುವುದು ಹೊಳೆದಿರಲಿಲ್ಲ. ಹೊಳೆದದ್ದು ಹಾನ್ ಮತ್ತು ಗಿಲೆಸ್ಪಿ ಅನ್ನುವ ಇಂಡಿಯಾನಾದ ಇಬ್ಬರಿಗೆ. ವೆರ್ನನ್ ಹಾನ್ ಶಸ್ತ್ರವೈದ್ಯರು, ಎಲಿಜಬೆತ್ ಗಿಲೆಸ್ಪಿ ಅವರ ಜೊತೆ ಕೆಲಸ ಮಾಡಿದವರು. 1927ರಲ್ಲಿ ಅವರು ರಕ್ತದ ಹನಿಯ ಮೇಲೆ ಬೇರೆ ಬೇರೆ ಗಾಳಿ ಹಾಯಿಸಿದರು. ಇಂಗಾಲದ ಡೈಆಕ್ಸೈಡ್ ಹಾಯಿಸಿ ಆಮ್ಲಜನಕವನ್ನು ಓಡಿಸಿದರೆ ಕಣ ಬಾಗುತ್ತದೆ. ಮತ್ತೆ ಆಮ್ಲಜನಕ ಬಿಟ್ಟರೆ ನೆಟ್ಟಗಾಗಿ ದುಂಡಗಾಗುತ್ತದೆ. ಬಾಗಿಸು, ಬಿಡಿಸು, ಬಾಗಿಸು, ಬಿಡಿಸು. ಕಣ್ಣೆದುರೇ. ಇಷ್ಟು ಸರಳವಾದ, ಇಷ್ಟು ಚಂದದ ಪ್ರಯೋಗ ವೈದ್ಯಶಾಸ್ತ್ರದಲ್ಲಿ ಜಾಸ್ತಿ ಇಲ್ಲ ಅಂತ ನನ್ನ ಅಭಿಪ್ರಾಯ.

ಗಾಜಿನ ಮೇಲೆ ಆಯಿತು, ಮೈಯೊಳಗೂ ಹಾಗೇ ಆಗುತ್ತದಾ? 1930ರಲ್ಲಿ ಕೆನಡಾದ ಸ್ಕ್ರೈವರ್ ಮತ್ತು ವಾ ಅನ್ನುವವರು ರೋಗಿಯ ಬೆರಳಿಗೆ ರಬ್ಬರ್ ಬ್ಯಾಂಡ್ ಬಿಗಿದರು. ಹೌದು, ರಬ್ಬರ್ ಬ್ಯಾಂಡ್. ರಕ್ತ ನಿಂತಲ್ಲೇ ನಿಂತಿತು, ಅದರಲ್ಲಿದ್ದ ಆಮ್ಲಜನಕ ಖಾಲಿಯಾಯಿತು. ಬಾಗಿದ ಕಣಗಳು ನೂರಕ್ಕೆ 15ರಷ್ಟು ಇದ್ದದ್ದು 95 ದಾಟಿತು. ಅಂದರೆ ಕಣ ಬಾಗಿದರೆ ರಕ್ತ ನಿಧಾನವಾಗುತ್ತದೆ, ನಿಧಾನವಾದರೆ ಆಮ್ಲಜನಕ ಇಳಿಯುತ್ತದೆ, ಆಗ ಇನ್ನಷ್ಟು ಕಣ ಬಾಗುತ್ತದೆ. ರೋಗಿಗಳು ಇದ್ದಕ್ಕಿದ್ದ ಹಾಗೆ ನೋವಿನಿಂದ ಒದ್ದಾಡುವುದು ಯಾಕೆ ಅನ್ನುವುದಕ್ಕೆ ಅರ್ಧ ಉತ್ತರ ಇದರಲ್ಲೇ ಇತ್ತು.

1940ರಲ್ಲಿ ಅಮೆರಿಕದ ವಿಶ್ವವಿದ್ಯಾಲಯ ಜಾನ್ಸ್ ಹಾಪ್ಕಿನ್ಸ್‌ನ ಇರ್ವಿಂಗ್ ಶೆರ್ಮನ್ ಅನ್ನುವ ವೈದ್ಯಕೀಯ ವಿದ್ಯಾರ್ಥಿ (ಮತ್ತೆ ನೋಡಿ, ವಿದ್ಯಾರ್ಥಿಯೇ) ಬಾಗಿದ ಕಣದ ಮೂಲಕ ಒಂದು ಬಗೆಯ ವಿಶೇಷ ಬೆಳಕು ಹಾಯಿಸಿ ನೋಡಿದ. ಕಣದೊಳಗಿನ ವಸ್ತು ಒಂದೇ ದಿಕ್ಕಿಗೆ ಸಾಲುಗಟ್ಟಿ ನಿಂತಿದ್ದರೆ ಬೆಳಕು ಹೇಗೆ ವರ್ತಿಸಬೇಕೋ ಹಾಗೇ ವರ್ತಿಸಿತು. ಕಣದೊಳಗೆ ಮುಖ್ಯವಾಗಿ ಇರುವುದು ಏನು? ಹಿಮೋಗ್ಲೋಬಿನ್, ಆಮ್ಲಜನಕ ಹೊರುವ ಪ್ರೋಟೀನು. ಹೆರಿಕ್ ಹೇಳಿದ "ಒಳಗಿನ ಪದಾರ್ಥ". ಒಂದು ಹೆಜ್ಜೆ ಬಾಕಿ ಇತ್ತು ಅಷ್ಟೇ, ಆದರೆ ಆ ಹೆಜ್ಜೆ ಇಡೋಕೆ ಡಾಕ್ಟರಿಗಿಂತ ರಸಾಯನಶಾಸ್ತ್ರದವನು ಬೇಕಿತ್ತು.

ಪ್ರಶ್ನೆ: ಇದು ಕಪ್ಪು ಜನರಿಗೆ ಮಾತ್ರ ಬರುವ ಕಾಯಿಲೆ ಅಂತ ನಾನು ಓದಿದ್ದೆ. ನಿಜಾನಾ?

ಇಲ್ಲ. ಈ ತಪ್ಪು ಹೇಗೆ ಹುಟ್ಟಿತು ಅನ್ನುವುದನ್ನು ಮಾತ್ರ ಹೇಳಲೇಬೇಕು, ಯಾಕೆಂದರೆ ಸಂಶೋಧನೆಯನ್ನು ಇದು ವರ್ಷಗಟ್ಟಲೆ ದಾರಿ ತಪ್ಪಿಸಿತು.

1922ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ವೆರ್ನ್ ಮೇಸನ್ ನಾಲ್ಕನೆಯ ರೋಗಿಯ ಬಗ್ಗೆ ಬರೆದರು. ಸಿಕಲ್ ಸೆಲ್ ಅನೀಮಿಯಾ ಅನ್ನುವ ಹೆಸರು ಇಟ್ಟವರು ಅವರೇ. ಅದುವರೆಗಿನ ನಾಲ್ಕೂ ರೋಗಿಗಳು ಆಫ್ರಿಕನ್ ಮೂಲದವರು ಅನ್ನುವುದನ್ನೂ ಅವರು ಗುರುತಿಸಿದರು. ನಾಲ್ಕು ಜನ. ನಾಲ್ಕೇ ನಾಲ್ಕು ಜನರನ್ನು ನೋಡಿ ಒಂದು ಕಾಯಿಲೆಗೆ ಜಾತಿ ಕಟ್ಟಿಬಿಟ್ಟರು. ಆಮೇಲೆ ಅಮೆರಿಕದ ವೈದ್ಯರು ಹುಡುಕಿದ್ದೂ ಕಪ್ಪು ಜನರಲ್ಲೇ, ಸಿಕ್ಕಿದ್ದೂ ಅಲ್ಲೇ. 1929ರಲ್ಲಿ ಕೂಲಿ ಮತ್ತು ಲೀ ಒಂದು ಗ್ರೀಕ್ ಕುಟುಂಬದಲ್ಲಿ ಇದೇ ಕಾಯಿಲೆ ಇದೆ ಅಂತ ವರದಿ ಮಾಡಿದರು. ಅಂಥ ವರದಿ ಬಂದಾಗಲೆಲ್ಲ ಏನು ಹೇಳುತ್ತಿದ್ದರು ಗೊತ್ತಾ? ಆ ಮನೆತನದಲ್ಲಿ ಹಿಂದೆ ಎಲ್ಲೋ ಆಫ್ರಿಕನ್ ರಕ್ತ ಬೆರೆತಿರಬೇಕು ಅಂತ. ಇದು ವಾದವೇ ಅಲ್ಲ. ಕಪ್ಪು ಜನರಿಗೆ ಮಾತ್ರ ಬರುತ್ತದೆ, ಯಾಕೆ? ಬಂದವರೆಲ್ಲ ಕಪ್ಪು ಜನ. ಬಿಳಿಯರಿಗೂ ಬಂದಿದೆಯಲ್ಲ? ಹಾಗಾದರೆ ಅವರು ಪೂರ್ತಿ ಬಿಳಿಯರಲ್ಲ! ಹೀಗೆ ವಾದ ಮಾಡುವವನ ಜೊತೆ ಯಾರು ಗೆಲ್ಲೋಕೆ ಸಾಧ್ಯ?

ಆಗಿನ ಅಮೆರಿಕದಲ್ಲಿ ವರ್ಣದ್ವೇಷ ಕಾನೂನಿನಲ್ಲೇ ಇತ್ತು. ರಕ್ತಕಣ ನೋಡಬೇಕಾದವರು ಚರ್ಮ ನೋಡುತ್ತಾ ಕೂತರು. 1952ರಲ್ಲಿ ಲೆಹ್ಮನ್ ಮತ್ತು ಕಟ್‌ಬುಷ್ ಅನ್ನುವ ಸಂಶೋಧಕರು ದಕ್ಷಿಣ ಭಾರತದ ನೀಲಗಿರಿಯ ಬುಡಕಟ್ಟು ಜನರಲ್ಲಿ ಇದನ್ನು ಕಂಡರು. ಅದೇ ವರ್ಷ ಅಸ್ಸಾಮಿನ ಚಹಾ ತೋಟದ ಕೂಲಿಕಾರರಲ್ಲೂ ಕಂಡ ವರದಿ ಬಂತು. ಗ್ರೀಸ್, ಇಟಲಿ, ಅರೇಬಿಯಾ ಎಲ್ಲ ಕಡೆ ಇದೆ. ಮಲೇರಿಯಾ ಹಿಂದಿನಿಂದ ಕಾಡಿದ ಕಡೆ ಇದೆ. ಇಲ್ಲಿಗೆ ಮಲೇರಿಯಾ ಯಾಕೆ ಬಂತು ಅಂತ ಕೇಳಬೇಡಿ, ಮುಂದೆ ಇನ್ನೊಬ್ಬರು ಅದನ್ನೇ ಕೇಳಿದ್ದಾರೆ.

ಪ್ರಶ್ನೆ: ಲೈನಸ್ ಪಾಲಿಂಗ್‌ಗೆ ನೊಬೆಲ್ ಬಂದದ್ದು ಈ ಕಾಯಿಲೆಯ ಸಂಶೋಧನೆಗೇ ಅಲ್ವಾ?

ಅಲ್ಲ. 1954ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ರಾಸಾಯನಿಕ ಬಂಧಗಳ ಕೆಲಸಕ್ಕೆ. 1962ರದ್ದು ಶಾಂತಿ ಪ್ರಶಸ್ತಿ. ಆದರೆ ನೀವು ಕೇಳಿದ ಕೆಲಸ ಇವೆರಡಕ್ಕೂ ಕಡಿಮೆಯದಲ್ಲ.

1945ರಲ್ಲಿ ಪಾಲಿಂಗ್ ಒಂದು ಸರ್ಕಾರಿ ಸಮಿತಿಯಲ್ಲಿದ್ದರು. ಅದೇ ಸಮಿತಿಯಲ್ಲಿ ಹಾರ್ವರ್ಡ್‌ನ ವೈದ್ಯ ವಿಲಿಯಂ ಕ್ಯಾಸಲ್ ಇದ್ದರು. ಮಾತಿನ ನಡುವೆ ಕ್ಯಾಸಲ್ ಈ ಕಾಯಿಲೆಯ ವಿಷಯ ತೆಗೆದರು, ಆಮ್ಲಜನಕ ಕಡಿಮೆಯಾದಾಗ ಕಣ ಬಾಗುತ್ತದೆ, ಸಿಕ್ಕಾಗ ಸರಿಯಾಗುತ್ತದೆ ಅಂದರು. ರಾತ್ರಿ ರೈಲಿನಲ್ಲಿ ಹೋಗುವಾಗ ಅಂತ ಒಬ್ಬರ ನೆನಪು, ಊಟದ ಮೇಜಿನಲ್ಲಿ ಅಂತ ಇನ್ನೊಬ್ಬರ ನೆನಪು. ಎಲ್ಲಾದರೂ ಆಗಲಿ, ಪಾಲಿಂಗ್ ತಲೆಯಲ್ಲಿ ತಕ್ಷಣ ಓಡಿದ್ದು ಒಂದೇ: ಆಮ್ಲಜನಕ ಹಿಡಿಯುವುದು ಹಿಮೋಗ್ಲೋಬಿನ್, ಹಾಗಾದರೆ ತಪ್ಪು ಕಣದ್ದಲ್ಲ, ಹಿಮೋಗ್ಲೋಬಿನ್ನಿನದ್ದು.

ಊಹೆ ಅವರದ್ದು. ದುಡಿದದ್ದು ಹಾರ್ವೆ ಇಟಾನೋ. ಈ ಮನುಷ್ಯನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಇಟಾನೋ ಜಪಾನಿ ಮೂಲದ ಅಮೆರಿಕನ್. 1942ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಎಲ್ಲರಿಗಿಂತ ಮುಂದಿದ್ದು ಚಿನ್ನದಂಥ ಪದವಿ ಗಳಿಸಿದವರು. ಪದವಿ ಪ್ರದಾನದ ದಿನ ಅವರು ಅಲ್ಲಿರಲಿಲ್ಲ. ಯುದ್ಧದ ಹೊತ್ತು, ಪಶ್ಚಿಮ ಕರಾವಳಿಯಲ್ಲಿದ್ದ ಜಪಾನಿ ಮೂಲದವರನ್ನೆಲ್ಲ ಸರ್ಕಾರ ಹಿಡಿದು ಶಿಬಿರಗಳಲ್ಲಿ ಕೂಡಿಹಾಕಿತ್ತು, ಇಟಾನೋ ಕೂಡ ಅಲ್ಲೇ ಇದ್ದರು. ಓದಿಗಾಗಿ ಬಿಡುಗಡೆ ಸಿಕ್ಕಿ ಸೇಂಟ್ ಲೂಯಿಸ್‌ನಲ್ಲಿ ವೈದ್ಯಕೀಯ ಮುಗಿಸಿ, ಆಮೇಲೆ ಪಾಲಿಂಗ್ ಹತ್ತಿರ ಕ್ಯಾಲಿಫೋರ್ನಿಯಾದ ಸಂಶೋಧನಾ ಸಂಸ್ಥೆ ಕ್ಯಾಲ್ಟೆಕ್‌ಗೆ ಬಂದರು.

ಎರಡು ಹಿಮೋಗ್ಲೋಬಿನ್‌ಗಳ ನಡುವೆ ವ್ಯತ್ಯಾಸ ತೋರಿಸಬೇಕು. ತೂಕ ಒಂದೇ, ಬಣ್ಣ ಒಂದೇ, ಆಮ್ಲಜನಕ ಹಿಡಿಯುವುದರಲ್ಲೂ ಕಣ್ಣಿಗೆ ಕಾಣುವ ಫರಕಿಲ್ಲ. ಕೊನೆಗೆ ಜಾನ್ ಸಿಂಗರ್ ಜೊತೆ ಸೇರಿ ವಿದ್ಯುತ್ ಹಾಯಿಸಿ ನೋಡಿದರು. ದ್ರಾವಣದಲ್ಲಿ ಕರೆಂಟ್ ಹರಿಸಿದರೆ ಪ್ರೋಟೀನು ತನ್ನ ಮೇಲಿನ ವಿದ್ಯುದಂಶಕ್ಕೆ ತಕ್ಕ ಹಾಗೆ ಯಾವುದೋ ಒಂದು ಕಡೆಗೆ ತೆವಳುತ್ತದೆ. ಆರೋಗ್ಯವಂತರ ಹಿಮೋಗ್ಲೋಬಿನ್ ಒಂದು ರೀತಿ ತೆವಳಿತು, ರೋಗಿಗಳದ್ದು ಬೇರೆ ರೀತಿ. ಒಂದು ಅಣುವಿಗೆ ಸುಮಾರು ಮೂರು ವಿದ್ಯುದಂಶದಷ್ಟು ವ್ಯತ್ಯಾಸ. ಮತ್ತೆ ಆರೋಗ್ಯವಾಗಿದ್ದೂ ಕಣ ಬಾಗುವವರು, ಎಮ್ಮೆಲ್ ನೋಡಿದ ಆ ತಂದೆಯ ಥರದವರು? ಅವರ ರಕ್ತದಲ್ಲಿ ಎರಡೂ ಇದ್ದವು, ಬೆರಕೆಯಾಗಿ!

1949ರ ನವೆಂಬರಿನಲ್ಲಿ ಇದು ಸೈನ್ಸ್ ಪತ್ರಿಕೆಯಲ್ಲಿ ಬಂತು. ಪಾಲಿಂಗ್, ಇಟಾನೋ, ಸಿಂಗರ್, ವೆಲ್ಸ್, ನಾಲ್ಕು ಹೆಸರು. ಒಂದು ಕಾಯಿಲೆಯ ಬೇರನ್ನು ಒಂದು ಅಣುವಿನಲ್ಲಿ ತೋರಿಸಿದ್ದು ಅದೇ ಮೊದಲು, ಲೇಖನದ ತಲೆಬರಹದಲ್ಲೇ ಇದನ್ನು "ಅಣುವಿನ ಕಾಯಿಲೆ" ಅಂತ ಕರೆದರು.

ಪ್ರಶ್ನೆ: ನಮ್ಮ ಪರಿಚಯದವರ ಮಗುವಿಗೆ ಈ ಕಾಯಿಲೆ ಇದೆ. ಅಪ್ಪ ಅಮ್ಮ ಇಬ್ಬರೂ ಚೆನ್ನಾಗಿದ್ದಾರೆ. ಬಂಧುಗಳು ತಾಯಿಯನ್ನೇ ದೂರುತ್ತಿದ್ದಾರೆ. ಇದು ಹೇಗೆ ಬಂತು?

ಮೊದಲು ಆ ಬಂಧುಗಳ ಬಾಯಿ ಮುಚ್ಚಿಸಿ. ಈ ಕಾಯಿಲೆ ಬರಬೇಕಾದರೆ ಮಗುವಿಗೆ ಇಬ್ಬರ ಕಡೆಯಿಂದಲೂ ಒಂದೊಂದು ದೋಷದ ಜೀನ್ ಬಂದಿರಬೇಕು. ತಾಯಿಯಷ್ಟೇ ತಂದೆಯ ಪಾಲೂ ಇದೆ, ಮತ್ತೆ ಇದು ಇಬ್ಬರ ತಪ್ಪೂ ಅಲ್ಲ. ಇಬ್ಬರೂ ಒಂದೊಂದು ದೋಷದ ಜೀನ್ ಹೊತ್ತವರಾದರೆ ಪ್ರತಿ ಸಲದ ಬಸಿರಿನಲ್ಲೂ ನೂರಕ್ಕೆ 25ರಷ್ಟು ಕಾಯಿಲೆ ಬರುವ ಸಾಧ್ಯತೆ, 50ರಷ್ಟು ಅಪ್ಪ ಅಮ್ಮನ ಹಾಗೇ ಹೊತ್ತುಕೊಂಡು ಆರಾಮಾಗಿರುವ ಸಾಧ್ಯತೆ, ಉಳಿದ 25 ಏನೂ ಇಲ್ಲದಿರುವ ಸಾಧ್ಯತೆ. ಮೊದಲ ಮಗುವಿಗೆ ಬಂದರೆ ಎರಡನೆಯದಕ್ಕೆ ಬರುವುದಿಲ್ಲ ಅಂತ ಲೆಕ್ಕ ಹಾಕಬೇಡಿ, ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರು. ಆ ದಂಪತಿ ಇನ್ನೊಂದು ಮಗುವಿನ ಯೋಚನೆಯಲ್ಲಿದ್ದರೆ ಮೊದಲೇ ವೈದ್ಯರನ್ನು ಕಾಣಲಿ.

ನಿಮ್ಮ ಪರಿಚಯದವರ ಬಂಧುಗಳಷ್ಟೇ ಅಲ್ಲ, ವಿಜ್ಞಾನಿಗಳೂ ಇದರಲ್ಲಿ ಎಡವಿದ್ದರು. 1923ರಲ್ಲಿ ಟ್ಯಾಲಿಯಫೆರೋ ಮತ್ತು ಹಕ್ ಅನ್ನುವವರು ಒಂದೇ ಜೀನ್ ಬಂದರೆ ಸಾಕು ಅಂದುಬಿಟ್ಟರು. ಕಣ ಬಾಗುವುದನ್ನೂ ಕಾಯಿಲೆಯನ್ನೂ ಒಂದೇ ಅಂತ ತಿಳಿದದ್ದೇ ಎಡವಟ್ಟು. ಕಣ ಬಾಗೋಕೆ ಒಂದು ಜೀನ್ ಸಾಕು, ಕಾಯಿಲೆಗೆ ಎರಡು ಬೇಕು. ಇದು ಖಚಿತವಾಗೋಕೆ 26 ವರ್ಷ ಬೇಕಾಯಿತು. 1949ರಲ್ಲಿ ಮಿಷಿಗನ್‌ನ ಜೇಮ್ಸ್ ನೀಲ್ ರೋಗಿಗಳ ಅಪ್ಪ ಅಮ್ಮಂದಿರ ರಕ್ತ ಪರೀಕ್ಷಿಸಿ ಇಬ್ಬರದ್ದೂ ಬಾಗುತ್ತದೆ ಅಂತ ತೋರಿಸಿದರು. ಅದೇ ವರ್ಷ ಆಫ್ರಿಕಾದಲ್ಲಿದ್ದ ಬೀಟ್ ಅನ್ನುವ ವೈದ್ಯರೂ ಅದೇ ತೀರ್ಮಾನಕ್ಕೆ ಬಂದರು.

ಪ್ರಶ್ನೆ: ಇಷ್ಟು ಕೆಟ್ಟ ಜೀನ್ ಆದರೆ ಅದು ಯಾವತ್ತೋ ಅಳಿದು ಹೋಗಬೇಕಿತ್ತು. ಯಾಕೆ ಉಳಿಯಿತು? ಮಲೇರಿಯಾಗೂ ಇದಕ್ಕೂ ಸಂಬಂಧ ಇದೆಯಂತಲ್ಲ?

ಇದೆ. ಆಂಥೊನಿ ಆಲಿಸನ್ ಅನ್ನುವ ವಿಜ್ಞಾನಿ ಕೀನ್ಯಾದಲ್ಲಿ ಬೆಳೆದವರು. 1949ರಲ್ಲಿ ಆಕ್ಸ್‌ಫರ್ಡ್‌ನ ಒಂದು ತಂಡದ ಜೊತೆ ಕೀನ್ಯಾಗೆ ಹೋಗಿ ಬೇರೆ ಬೇರೆ ಬುಡಕಟ್ಟುಗಳ ರಕ್ತ ನೋಡಿದರು. ಕರಾವಳಿಯಲ್ಲಿ, ವಿಕ್ಟೋರಿಯಾ ಸರೋವರದ ಸುತ್ತ ನೂರಕ್ಕೆ 20ಕ್ಕೂ ಜಾಸ್ತಿ ಜನರ ಕಣ ಬಾಗುತ್ತಿತ್ತು. ನಡುವಿನ ಎತ್ತರದ, ಒಣ ಪ್ರದೇಶದಲ್ಲಿ ನೂರಕ್ಕೆ ಒಂದೂ ಇಲ್ಲ. ಭಾಷೆ, ಬುಡಕಟ್ಟು ಯಾವುದಕ್ಕೂ ಇದು ಹೊಂದುತ್ತಿರಲಿಲ್ಲ. ಸೊಳ್ಳೆಗೆ ಹೊಂದುತ್ತಿತ್ತು.

1954ರಲ್ಲಿ ಅವರು ಲೆಕ್ಕ ಮುಂದಿಟ್ಟರು. ಉಗಾಂಡದಲ್ಲಿ 290 ಮಕ್ಕಳನ್ನು ನೋಡಿದ್ದರು. ಕಣ ಬಾಗುವ 43 ಮಕ್ಕಳಲ್ಲಿ 12 ಮಕ್ಕಳ ರಕ್ತದಲ್ಲಿ ಮಲೇರಿಯಾ ಪರೋಪಜೀವಿ ಇತ್ತು. ಉಳಿದ 247ರಲ್ಲಿ 113 ಮಕ್ಕಳಿಗೆ ಇತ್ತು. ಒಂದು ಜೀನ್ ಹೊತ್ತವರಿಗೆ ಮಲೇರಿಯಾದ ಕಾಟ ಕಡಿಮೆ, ಹಾಗಾಗಿ ಅವರು ಬದುಕಿ ಉಳಿದು ಆ ಜೀನನ್ನು ಮುಂದಕ್ಕೆ ಸಾಗಿಸಿದರು. ಎರಡು ಜೀನ್ ಬಂದ ಮಕ್ಕಳು ಅದರ ಬೆಲೆ ತೆತ್ತರು. ಇದು ಲೆಕ್ಕದಲ್ಲಿ ಚಂದ, ಮನೆಯಲ್ಲಿ ಅಲ್ಲ.

ಆಲಿಸನ್ ಇನ್ನೊಂದು ಪ್ರಯೋಗವನ್ನೂ ಮಾಡಿದ್ದರು. 30 ಜನ ಲುವೋ ಬುಡಕಟ್ಟಿನ ಗಂಡಸರಿಗೆ ಬೇಕೆಂದೇ ಮಲೇರಿಯಾ ಹತ್ತಿಸಿದರು, 15 ಜನ ಕಣ ಬಾಗುವವರು, 15 ಜನ ಬಾಗದವರು. ಮೊದಲ ಗುಂಪಿನಲ್ಲಿ ಇಬ್ಬರಿಗೆ, ಎರಡನೆಯದರಲ್ಲಿ 14 ಜನರಿಗೆ ಸೋಂಕು ಹತ್ತಿತು. ಆಮೇಲೆ ಔಷಧಿ ಕೊಟ್ಟರು ಸರಿ, ಅವರು ಒಪ್ಪಿ ಬಂದವರು ಅನ್ನುವುದೂ ಸರಿ. ಆದರೂ ವಸಾಹತು ಆಳ್ವಿಕೆಯ ಕಾಲದಲ್ಲಿ ಒಪ್ಪಿಗೆ ಅನ್ನುವ ಮಾತಿಗೆ ಎಷ್ಟು ತೂಕ? ಪುಸ್ತಕಗಳಲ್ಲಿ ಫಲಿತಾಂಶ ಇರುತ್ತದೆ, ಈ ಪ್ರಶ್ನೆ ಇರುವುದಿಲ್ಲ.

ಪ್ರಶ್ನೆ: ಕೊನೆಗೂ ಹಿಮೋಗ್ಲೋಬಿನ್ನಿನಲ್ಲಿ ಆ ದೋಷ ಎಲ್ಲಿದೆ ಅಂತ ಸಿಕ್ಕಿದ್ದು ಯಾವಾಗ?

1956 ಮತ್ತು 57. ಇಂಗ್ಲೆಂಡಿನ ಕೇಂಬ್ರಿಡ್ಜ್. ಆಲಿಸನ್ ಅಲ್ಲಿ ಹಿಮೋಗ್ಲೋಬಿನ್ನಿನ ರಚನೆ ಹುಡುಕುತ್ತಿದ್ದ ಮ್ಯಾಕ್ಸ್ ಪೆರುಟ್ಜ್ ಹತ್ತಿರ ರೋಗಿಗಳ ಹಿಮೋಗ್ಲೋಬಿನ್ ಬಿಟ್ಟು ಹೋಗಿದ್ದರು, ಅದು ಅಲ್ಲೇ ಕೆಲಸ ಮಾಡುತ್ತಿದ್ದ ವೆರ್ನನ್ ಇಂಗ್ರಾಮ್ ಕೈಗೆ ಬಂತು. ಇಡೀ ಪ್ರೋಟೀನನ್ನು ಒಟ್ಟಿಗೆ ನೋಡಿದರೆ ತಲೆ ಬುಡ ಗೊತ್ತಾಗುವುದಿಲ್ಲ. ಇಂಗ್ರಾಮ್ ಜಾಣತನ ಮಾಡಿದರು. ಟ್ರಿಪ್ಸಿನ್ ಅನ್ನುವ ಕಿಣ್ವ ಹಾಕಿ ಪ್ರೋಟೀನನ್ನು 30ರ ಹತ್ತಿರ ತುಂಡು ಮಾಡಿ, ಒದ್ದೆ ಕಾಗದದ ಮೇಲೆ ಒಂದು ದಿಕ್ಕಿಗೆ ಕರೆಂಟಿನಿಂದ, ಇನ್ನೊಂದು ದಿಕ್ಕಿಗೆ ದ್ರಾವಕದಿಂದ ಹರಡಿಸಿ, ಬಣ್ಣ ಹಾಕಿದರು. ಕಾಗದದ ತುಂಬ ಚುಕ್ಕೆಗಳು. ಇದಕ್ಕೆ ಬೆರಳಚ್ಚು ಅಂತಲೇ ಹೆಸರು. ಇಬ್ಬರ ಕಾಗದವನ್ನೂ ಪಕ್ಕಪಕ್ಕ ಇಟ್ಟರೆ ಎಲ್ಲ ಚುಕ್ಕೆ ಒಂದೇ, ಒಂದೇ ಒಂದು ಮಾತ್ರ ಜಾಗ ಬಿಟ್ಟು ಸರಿದಿದೆ.

ಪ್ರೋಟೀನು ಅಂದರೆ ಅಮೈನೋ ಆಮ್ಲ ಅನ್ನುವ ಮಣಿಗಳನ್ನು ಪೋಣಿಸಿದ ಸರಪಳಿ. ಸರಿದ ಆ ತುಂಡನ್ನು ಬಿಡಿಸಿ ನೋಡಿದರೆ ಗ್ಲುಟಾಮಿಕ್ ಆಮ್ಲ ಇರಬೇಕಾದ ಕಡೆ ವ್ಯಾಲೀನ್ ಇತ್ತು. ಹಿಮೋಗ್ಲೋಬಿನ್ನಿನ ಬೀಟಾ ಅನ್ನುವ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ, ಅದರಲ್ಲಿ ಆರನೆಯದು ಬದಲು. ಅಷ್ಟೇ. ಗ್ಲುಟಾಮಿಕ್ ಆಮ್ಲಕ್ಕೆ ವಿದ್ಯುದಂಶ ಇದೆ, ವ್ಯಾಲೀನ್‌ಗೆ ಇಲ್ಲ. ಇಟಾನೋ ಕಂಡ ವ್ಯತ್ಯಾಸ ಅದೇ. ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಈ ವ್ಯಾಲೀನ್ ಪಕ್ಕದ ಅಣುವಿನ ಒಂದು ತಗ್ಗಿನಲ್ಲಿ ಹೋಗಿ ಕೂರುತ್ತದೆ, ಹೀಗೆ ಅಣುಗಳು ಒಂದಕ್ಕೊಂದು ಅಂಟಿಕೊಂಡು ಉದ್ದದ ಸರಳುಗಳಾಗುತ್ತವೆ, ಆ ಸರಳುಗಳು ಕಣವನ್ನು ಒಳಗಿನಿಂದ ಎಳೆದು ಬಾಗಿಸುತ್ತವೆ. ಶೆರ್ಮನ್ ಬೆಳಕಿನಲ್ಲಿ ಕಂಡ ಸಾಲು ಇದೇ.

ಪ್ರಶ್ನೆ: ಹೆರಿಕ್‌ಗೆ ಇದರಿಂದ ಒಳ್ಳೆ ಹೆಸರು ಬಂತಾ?

ಹೆಸರು ಬಂದದ್ದು ಹೃದಯಾಘಾತದಿಂದ! ಅವರಿಗೆ ಆದದ್ದಲ್ಲ. ಹೃದಯದ ರಕ್ತನಾಳ ಕಟ್ಟಿಕೊಂಡರೂ ಎಲ್ಲರೂ ತಕ್ಷಣ ಸಾಯುವುದಿಲ್ಲ, ಗುರುತಿಸಬಹುದು ಅಂತ 1912ರಲ್ಲಿ ಬರೆದರು. ಜೀವನಪೂರ್ತಿ ಜನ ಅವರನ್ನು ನೆನೆದದ್ದು ಅದಕ್ಕೆ.

ಪ್ರಶ್ನೆ: ಹುಟ್ಟಿದ ಮಗುವಿಗೆ ಮೊದಲ ಕೆಲವು ತಿಂಗಳು ಈ ಕಾಯಿಲೆ ಕಾಣಿಸುವುದೇ ಇಲ್ಲವಂತೆ. ಜೀನ್ ಹುಟ್ಟಿನಿಂದಲೇ ಇರುವಾಗ ಇದು ಹೇಗೆ?

ಇದನ್ನು ಮೊದಲು ಗಮನಿಸಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮಕ್ಕಳ ವೈದ್ಯೆ ಜೇನೆಟ್ ವಾಟ್ಸನ್. 1948ರಲ್ಲಿ ಅವರು ಬರೆದರು: ನವಜಾತ ಶಿಶುಗಳ ರಕ್ತದಲ್ಲಿ ಬಾಗುವ ಕಣ ತುಂಬ ಕಡಿಮೆ, ತಿಂಗಳು ಕಳೆದ ಹಾಗೆ ಜಾಸ್ತಿಯಾಗುತ್ತವೆ. ಹೊಟ್ಟೆಯಲ್ಲಿದ್ದಾಗ ಮಗುವಿಗೆ ಬೇರೆಯೇ ಬಗೆಯ ಹಿಮೋಗ್ಲೋಬಿನ್ ಇರುತ್ತದೆ, ಭ್ರೂಣದ ಹಿಮೋಗ್ಲೋಬಿನ್. ಅದರಲ್ಲಿ ದೋಷದ ಬೀಟಾ ಸರಪಳಿಯೇ ಇಲ್ಲ. ಹುಟ್ಟಿದ ಮೇಲೆ ಅದು ನಿಧಾನವಾಗಿ ಇಳಿದು ದೊಡ್ಡವರ ಹಿಮೋಗ್ಲೋಬಿನ್ ಬರುತ್ತದೆ, ಕಾಯಿಲೆಯೂ ಜೊತೆಗೆ ಬರುತ್ತದೆ. ಆ ಭ್ರೂಣದ ಹಿಮೋಗ್ಲೋಬಿನ್ನೇ ಮಗುವನ್ನು ಕಾಯುತ್ತಿರಬೇಕು ಅಂತ ವಾಟ್ಸನ್ ಅಂದರು. ಪಾಲಿಂಗ್ ಲೇಖನಕ್ಕೂ ಒಂದು ವರ್ಷ ಮೊದಲು, ದೊಡ್ಡ ಯಂತ್ರ ಯಾವುದೂ ಇಲ್ಲದೆ, ಹಸುಗೂಸುಗಳ ರಕ್ತದ ಹನಿ ನೋಡಿ.

ಹಾಗಾದರೆ ದೊಡ್ಡವರಲ್ಲೂ ಅದನ್ನು ಮತ್ತೆ ಬರಿಸಿದರೆ? ಅಮೆರಿಕದಲ್ಲಿ 1998ರಲ್ಲಿ ಈ ಕಾಯಿಲೆಗೆ ಒಪ್ಪಿಗೆ ಪಡೆದ ಹೈಡ್ರಾಕ್ಸಿಯೂರಿಯಾ ಮಾತ್ರೆ ಬಹುಪಾಲು ಕೆಲಸ ಮಾಡುವುದು ಹಾಗೇ. 2023ರ ಕೊನೆಗೆ ಬ್ರಿಟನ್ನು, ಅಮೆರಿಕ ಒಪ್ಪಿದ ಕ್ಯಾಸ್ಗೆವಿ ಅನ್ನುವ ಜೀನ್ ಚಿಕಿತ್ಸೆಯೂ ಅಷ್ಟೇ. ರಕ್ತಕಣ ಹುಟ್ಟಿಸುವ ಮೂಲಕೋಶಗಳನ್ನು ರೋಗಿಯಿಂದ ಹೊರತೆಗೆದು, ಭ್ರೂಣದ ಹಿಮೋಗ್ಲೋಬಿನ್ನನ್ನು ನಿಲ್ಲಿಸುವ ಸ್ವಿಚ್ಚಿದೆಯಲ್ಲ, ಅದನ್ನು ಕೆಡಿಸಿ ವಾಪಸ್ ಹಾಕುತ್ತಾರೆ. ಆರನೆಯ ಅಮೈನೋ ಆಮ್ಲ ಹಾಗೇ ತಪ್ಪಾಗಿಯೇ ಉಳಿದಿರುತ್ತದೆ, ಅದನ್ನು ಮುಟ್ಟುವುದೂ ಇಲ್ಲ.